ಸ್ವರಯಂತ್ರವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯ ಹಾರ್ಮೋನಿಯಮನ್ನು ನಾವೆಲ್ಲರೂ ನುಡಿಸಿದೆವು. ಆದರೆ ಅದರ ಒಂದು ಸ್ವರ ಕೆಟ್ಟಾಗ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಅಪ್ಪಣೆ ನಮಗಿರಲಿಲ್ಲ. ರಿಪೇರಿಯವನು ಬರುವ ತನಕ ಅದು ಮುಚ್ಚಿಯೇ ಇರುತ್ತಿತ್ತು. ಈಚೆಗೆ ನನ್ನ ಮಗಳು ವಿದ್ಯುತ್ ಸ್ವರಯಂತ್ರವನ್ನು, ಎಂದರೆ ಸಿಂಥಸೈಜರನ್ನು, ತಾನೇ ಕಟ್ಟುವೆನೆಂದಾಗ, "ಅದು ಹುಡುಗರ ಕೆಲಸವಲ್ಲವೇ?" ಎಂಬ ಮಾತು ನನ್ನ ಬಾಯಿಂದಲೇ ಹೊರಟಿತು. ಆ ಮಾತಿಗಾಗಿ ನಾಚಿಕೊಂಡು ಈ ಕೆಲವು ಸಾಲುಗಳನ್ನು ಬರೆಯುತ್ತಿದ್ದೇನೆ.

ಚರಿತ್ರೆಯು ನನ್ನ ಮಾತನ್ನು ಸುಳ್ಳುಮಾಡುತ್ತದೆ. ಇಂಗ್ಲೆಂಡಿನ ಡ್ಯಾಫ್ನಿ ಓರಮ್ ಎಂಬವರು 1958ರಲ್ಲಿ ಬಿ.ಬಿ.ಸಿ.ಯ ರೇಡಿಯೊಫೋನಿಕ್ ವರ್ಕ್‌ಶಾಪನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಮರುವರ್ಷ ಆ ಉದ್ಯೋಗವನ್ನು ಬಿಟ್ಟು, ಫಿಲ್ಮಿನ ಮೇಲೆ ಬರೆದ ಗೆರೆಗಳನ್ನು ಸ್ವರವಾಗಿ ಮಾರ್ಪಡಿಸುವ ಯಂತ್ರವನ್ನು ನಿರ್ಮಿಸತೊಡಗಿದರು. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ತೋರಿಸಿಕೊಟ್ಟ ಬಗೆಯ ಯಂತ್ರವೊಂದು 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತು. ಅಲ್ಲಿ ಸಂಗೀತ ರಚಿಸಿದವರಲ್ಲಿ ಗೀತಾ ಸಾರಾಭಾಯಿಯವರೂ ಒಬ್ಬರು.

ಪ್ರಾರಂಭಕ್ಕೆ ಬಹು ದ್ರವ್ಯ ಬೇಕಿಲ್ಲ. 40106 ಎಂಬ ಚಿಪ್ಪು, ಒಂದು ಕೆಪಾಸಿಟರು, ತಿರುಗಿಸುವ ಗುಂಡಿಯುಳ್ಳ ಒಂದು ರೆಸಿಸ್ಟರು, 9 ವೋಲ್ಟಿನ ಬ್ಯಾಟರಿ, ಬೆಸುಗೆಯಿಲ್ಲದೆ ತಂತಿಗಳನ್ನು ಸಿಕ್ಕಿಸುವ ಬ್ರೆಡ್‌ಬೋರ್ಡು ಮತ್ತು ಬ್ಯಾಟರಿಯಿಂದಲೇ ನಡೆಯುವ ಚಿಕ್ಕ ಆಂಪ್ಲಿಫೈಯರು ಸಾಕು. ರೆಸಿಸ್ಟರಿನ ಮೂಲಕ ಕೆಪಾಸಿಟರು ತುಂಬುತ್ತದೆ. ಒಂದು ಮಟ್ಟ ಮುಟ್ಟಿದೊಡನೆ ಚಿಪ್ಪು ಮಗುಚಿ ಅದನ್ನು ಬರಿದುಮಾಡುತ್ತದೆ. ಕ್ಷಣಕ್ಕೆ ನೂರಾರು ಸಲ ಹೀಗೆ ತುಂಬಿ ಬರಿದಾಗುವುದೇ ಸ್ವರ. ಕೆಪಾಸಿಟರು ದೊಡ್ಡದಾದಷ್ಟೂ ಸ್ವರವು ಮಂದ್ರಕ್ಕಿಳಿಯುತ್ತದೆ; ಕಂಪನವು ಇಮ್ಮಡಿಯಾದರೆ ಮೇಲಿನ ಸ್ಥಾಯಿ ದೊರೆಯುತ್ತದೆ. ಒಂದೇ ಚಿಪ್ಪಿನಿಂದ ಇಂಥ ಆರು ಸ್ವರಗಳನ್ನು ಪಡೆಯಬಹುದು. ಗೋಡೆಯ ವಿದ್ಯುತ್ತನ್ನು ಮಾತ್ರ ಕಲಿಯುವವರು ಮುಟ್ಟಕೂಡದು.

ಇಂದು ಫೋನಿನಲ್ಲಿಯೇ ಸಕಲ ವಾದ್ಯಗಳ ಧ್ವನಿಯೂ ಸಿಕ್ಕುವಾಗ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಸಿಕ್ಕಿದ್ದನ್ನು ಬಳಸುವುದು ಬೇರೆ, ಅದರ ಮರ್ಮವನ್ನು ಅರಿಯುವುದು ಬೇರೆ. ನನ್ನ ಮಗಳ ಮೊದಲನೆಯ ಸ್ವರವು ಜೀರುಂಡೆಯ ಕೂಗಿನಂತಿತ್ತು. ಅದನ್ನು ಶ್ರುತಿಗೆ ತರಲು ಅವಳು ಮೂರು ಸಂಜೆ ಗುಂಡಿಯನ್ನು ತಿರುಗಿಸಿದಳು, ಕೆಪಾಸಿಟರುಗಳನ್ನು ಬದಲಾಯಿಸಿದಳು, ಎರಡು ಚಿಪ್ಪುಗಳನ್ನು ಕೆಡಿಸಿದಳು. ಪಾಠದ ಪುಸ್ತಕದಲ್ಲಿ ಓದಿ ಮರೆತಿದ್ದ ಕಂಪನದ ಅಧ್ಯಾಯವನ್ನು ಅವಳು ಈಗ ನನಗೆ ಕಲಿಸುತ್ತಾಳೆ.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ: ಗಂಡುಮಗನು ಕೆಡಿಸಿದ ಸಾಮಾನನ್ನು ಬುದ್ಧಿವಂತಿಕೆಯೆಂದೂ ಹೆಣ್ಣುಮಗಳು ಕೆಡಿಸಿದ್ದನ್ನು ದಂಡವೆಂದೂ ಎಣಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರಾದ ನಾವು ಶಾಲೆಗೆ ಮುಂದೆ ಏನನ್ನಾದರೂ ಕಾಣಿಕೆ ಕೊಡುವುದಾದರೆ, ಸಂಗೀತದ ಕೊಠಡಿಯಲ್ಲಿ ಒಂದು ಮೇಜನ್ನೂ ಕೆಲವು ಸ್ಕ್ರೂಡ್ರೈವರುಗಳನ್ನೂ ಇಂಥ ಬಿಡಿಭಾಗಗಳ ಒಂದು ಪೆಟ್ಟಿಗೆಯನ್ನೂ ಇಡೋಣ. ಆ ಪೆಟ್ಟಿಗೆಗೆ ಬೀಗ ಬೇಡ.