"ನನ್ನ ಮೆಶೀನಲ್ಲಿ ಬಿಲ್ಡ್ ಆಗತ್ತೆ" ಅನ್ನೋ ಮಹಾಶಯರಿಗೆ

ವಿಂಡೋಸ್ ಮೇಲೆ ಕೆಲಸ ಮಾಡೋ ಟೀಮುಗಳಲ್ಲಿ ಮುಗಿಯದ ಜಗಳ ಒಂದಿದೆ: ಬಿಲ್ಡ್‌ಗೆ ಯಾವ ಟೂಲ್ ಒಳ್ಳೇದು? ಒಬ್ಬರು ಎಂಎಸ್‌ಬಿಲ್ಡ್ ಅಂತಾರೆ, ಇನ್ನೊಬ್ಬರು ಸಿಮೇಕ್ ಅಂತಾರೆ, ಮೂರನೆಯವರು ಬ್ಯಾಚ್ ಫೈಲಲ್ಲಿ ನಾಲ್ಕು ಸಾಲು ಗೀಚಿದ್ರೆ ಸಾಕು ಅಂತಾರೆ. (ಸಾಫ್ಟ್‌ವೇರಿನವರಲ್ಲದ ಬ್ಲಾಗ್ ಗೆಳೆಯರಿಗೆ: ಬರೆದ ಕೋಡನ್ನ ಕ್ಲೈಂಟ್ ಕೈಗೆ ಕೊಡೋ ಹಾಗೆ ಬೇಯಿಸೋ ಅಡುಗೆಯೇ ಬಿಲ್ಡ್.)

ನನ್ನ ಪ್ರಕಾರ ಜಗಳ ಶುರುವಾಗಿರೋದೇ ತಪ್ಪು ಜಾಗದಲ್ಲಿ. ಮೊದಲು ಕೇಳಬೇಕಾದ್ದು ಇದು: ವಿಷುಯಲ್ ಸ್ಟುಡಿಯೋ ತೆರೆಯದೆ, ಮೌಸ್ ಮುಟ್ಟದೆ, ಹೊಚ್ಚ ಹೊಸ ಮೆಶೀನಿನ ಮೇಲೆ ಒಂದೇ ಕಮಾಂಡಿಗೆ ನಿಮ್ಮ ಬಿಲ್ಡ್ ಆಗತ್ತಾ? ಜೋಯೆಲ್ ಸ್ಪೋಲ್ಸ್ಕಿ 2000ದಲ್ಲಿ ಬರೆದ ಹನ್ನೆರಡು ಪ್ರಶ್ನೆಗಳ ಪಟ್ಟಿಯಲ್ಲಿ 'ಒಂದೇ ಹೆಜ್ಜೆಗೆ ಬಿಲ್ಡ್ ಆಗತ್ತಾ' ಅನ್ನೋದು ಎರಡನೇ ಪ್ರಶ್ನೆ. ಇವತ್ತಿಗೂ ಎಷ್ಟೋ ಕಡೆ ಉತ್ತರ ತಲೆ ಕೆರೆದುಕೊಳ್ಳೋದೇ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ರಿಲೀಸ್ ಬಿಲ್ಡ್ ಆಗ್ತಿದ್ದಿದ್ದು ಒಬ್ಬ ಸೀನಿಯರ್ ಡೆಸ್ಕ್‌ಟಾಪಿನಲ್ಲಿ ಮಾತ್ರ. ಅವರು ತಂಗಿ ಮದುವೆಗೆ ಊರಿಗೆ ಹೋದ ವಾರವೇ ಕ್ಲೈಂಟ್ ಕಡೆ ದೊಡ್ಡ ಬಗ್ ಎದ್ದಿತು. ಕೋಡ್ ಸರಿಮಾಡೋಕೆ ಒಂದು ಗಂಟೆ, ಬಿಲ್ಡ್ ಮಾಡೋಕೆ ಮೂರು ದಿನ! ಯಾವ ಡಿಎಲ್‌ಎಲ್ ರಿಜಿಸ್ಟರ್ ಮಾಡಿದ್ರೋ, ಯಾವ ಎನ್ವಿರಾನ್ಮೆಂಟ್ ವೇರಿಯಬಲ್ ಇಟ್ಟಿದ್ರೋ, ಎಲ್ಲಾ ಅವರ ತಲೆಯಲ್ಲಿ. ಅಜ್ಜಿ ಕೈಯಳತೆಯಲ್ಲಿ ಸಾರಿನ ಪುಡಿ ಮಾಡಿದ್ರೆ ಚಂದ, ಸಾಫ್ಟ್‌ವೇರಿಗೆ ಕೈಯಳತೆ ನಡೆಯಲ್ಲ ಸ್ವಾಮಿ. ಕೊನೆಗೆ ಬೈಸಿಕೊಂಡಿದ್ದು ಯಾರು ಗೊತ್ತಾ? ಎರಡು ವರ್ಷದ ಅನುಭವದ ಹುಡುಗಿ. "ಒಂದು ಬಿಲ್ಡ್ ಮಾಡೋಕೂ ಬರಲ್ವಾ" ಅಂತ.

ಹಾಗಾದ್ರೆ ಟೂಲ್ ಯಾವುದು? ನಿಮ್ಮ ಪ್ರಾಜೆಕ್ಟ್ ಈಗಾಗಲೇ ಯಾವ ಭಾಷೆ ಮಾತಾಡತ್ತೋ ಅದೇ. ಡಾಟ್‌ನೆಟ್ ಆದ್ರೆ ಎಂಎಸ್‌ಬಿಲ್ಡ್. ವಿಷುಯಲ್ ಸ್ಟುಡಿಯೋ 2005ರಿಂದ ನಿಮ್ಮ ಸಿ ಶಾರ್ಪ್ ಪ್ರಾಜೆಕ್ಟ್ ಫೈಲೇ ಎಂಎಸ್‌ಬಿಲ್ಡ್ ಫೈಲು; ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟುಗಳೂ 2010ರ ಆವೃತ್ತಿಯಲ್ಲಿ ಅದೇ ದಾರಿಗೆ ಬಂದವು. ಅದರ ಮೇಲೆ ನ್ಯಾಂಟ್ ಥರದ್ದೊಂದು ಎಕ್ಸ್‌ಎಂಎಲ್ ಕಂಬಳಿ ಹೊದಿಸಿ ಒಂದೇ ವಿಷಯ ಎರಡು ಕಡೆ ಬರೆಯೋದ್ಯಾಕೆ? ಅದೇ ಕೋಡ್ ಲಿನಕ್ಸಿನಲ್ಲೂ ಓಡಬೇಕಾದ್ರೆ ಸಿಮೇಕ್, ಜೊತೆಗೆ ನಿಂಜಾ. ಬಿಲ್ಡ್ ಸರ್ವರಿಗೆ ಇಡೀ ವಿಷುಯಲ್ ಸ್ಟುಡಿಯೋ ಬೇಕು ಅನ್ನೋ ನೆಪವೂ ಬೇಡ, ಬಿಲ್ಡ್ ಟೂಲ್ಸ್ ಅಂತಲೇ ಮೈಕ್ರೋಸಾಫ್ಟ್ ಬೇರೆ ಇನ್‌ಸ್ಟಾಲರ್ ಕೊಡತ್ತೆ.

ಬ್ಯಾಚ್ ಫೈಲ್ ಭಕ್ತರಿಗೆ ಒಂದು ಮಾತು. ಬ್ಯಾಚ್ ಫೈಲಲ್ಲಿ ಒಂದು ಸಾಲು ಫೇಲಾದ್ರೂ ಅದು ಏನೂ ಆಗಿಲ್ಲ ಅನ್ನೋ ಹಾಗೆ ಮುಂದಿನ ಸಾಲಿಗೆ ಹೋಗತ್ತೆ. ಹೆಜ್ಜೆಹೆಜ್ಜೆಗೂ ಎರರ್‌ಲೆವೆಲ್ ನೋಡದಿದ್ರೆ, ಕಂಪೈಲ್ ಬಿದ್ದುಹೋದ್ರೂ ಕೊನೆಯ ಕಾಪಿ ಸರಿಯಾಯ್ತು ಅಂತ ಹಸಿರು ದೀಪ ಹತ್ತತ್ತೆ. ಕ್ಲೈಂಟ್ ಕೈಗೆ ಹೋಗೋದು ನಿನ್ನೆಯ ತಂಗಳು!

"ನಾವು ಜೆಂಕಿನ್ಸ್ ಹಾಕಿದೀವಲ್ಲ" ಅನ್ನೋರೂ ಇದಾರೆ. ಜೆಂಕಿನ್ಸ್ ಅಲಾರಂ ಗಡಿಯಾರ ಇದ್ದ ಹಾಗೆ. ಹೊತ್ತಿಗೆ ಸರಿಯಾಗಿ ಎಬ್ಬಿಸತ್ತೆ, ಅಡುಗೆ ಮಾಡಲ್ಲ. ಬಿಲ್ಡಿನ ಹೆಜ್ಜೆಗಳನ್ನೆಲ್ಲ ಅದರ ವೆಬ್ ಪೇಜಿನ ಡಬ್ಬಿಗಳಲ್ಲಿ ತುಂಬಿಟ್ರೆ, ಸೀನಿಯರ್ ಡೆಸ್ಕ್‌ಟಾಪಿಗೆ ಹೊಸ ಹೆಸರಿಟ್ಟ ಹಾಗಾಯ್ತು ಅಷ್ಟೇ. ಹೆಜ್ಜೆಗಳು ಕೋಡ್ ಜೊತೆಗೇ ರೆಪೊಸಿಟರಿಯಲ್ಲಿರಬೇಕು. ಸರ್ವರ್ ಓಡಿಸೋ ಅದೇ ಕಮಾಂಡನ್ನ ನಾನೂ ನನ್ನ ಲ್ಯಾಪ್‌ಟಾಪಲ್ಲಿ ಓಡಿಸೋ ಹಾಗಿರಬೇಕು.

"ಇದಕ್ಕೆಲ್ಲ ಟೈಮಿಲ್ಲ ರೀ, ಮೊದಲು ಫೀಚರ್ ಮುಗಿಸಿ" ಅನ್ನೋ ಮ್ಯಾನೇಜರುಗಳೇ, ಆ ಮೂರು ದಿನಗಳು ಎಲ್ಲಿಂದ ಬಂದ್ವು? ಅವಕ್ಕೆ ಟೈಮಿತ್ತಾ?

ನಾಳೆ ಆಫೀಸಿಗೆ ಹೋದ ತಕ್ಷಣ ಒಂದು ಖಾಲಿ ವರ್ಚುವಲ್ ಮೆಶೀನ್ ತಗೊಂಡು, ಟೀಮಿಗೆ ಹೊಸದಾಗಿ ಸೇರಿದವರನ್ನ ಕೂರಿಸಿ, "ಬಿಲ್ಡ್ ಮಾಡಿ" ಅಂತ ಮಾತ್ರ ಹೇಳಿ. ಅವರು ಎಷ್ಟು ಸಲ ಎದ್ದು ಬಂದು ನಿಮ್ಮನ್ನ ಕೇಳ್ತಾರೋ ಎಣಿಸಿ. ನಿಮ್ಮ ಬಿಲ್ಡಿಗೆ ಅಷ್ಟು ತೂತು. ಎಷ್ಟು ಬಂತು ಅಂತ ಇಲ್ಲಿ ಬಂದು ಹೇಳಿ, ಸುಳ್ಳು ಹೇಳಬೇಡಿ :)