ವಿಮಾನದಲ್ಲಿ ಮದ್ಯವೇಕೆ?

2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ಪಾನಮತ್ತ ಸಹಪ್ರಯಾಣಿಕನು ವೃದ್ಧೆಯೊಬ್ಬರ ಮೇಲೆ ಮೂತ್ರ ವಿಸರ್ಜಿಸಿದನೆಂಬ ದೂರು ದೇಶವೇ ತಲೆತಗ್ಗಿಸುವಂತೆ ಮಾಡಿತು. ಆರೋಪಿಯ ಬಂಧನವಾದದ್ದು ನಮ್ಮ ಬೆಂಗಳೂರಿನಲ್ಲಿ. ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡವೂ ಬಿದ್ದಿತು. ಕುಡಿದವನನ್ನು ಎಲ್ಲರೂ ಹಳಿದರು. ಬಡಿಸಿದ ಕೈಯ ಮಾತೆತ್ತಿದವರು ಕಡಿಮೆ.

ಮದ್ಯದ ಹತ್ತು ಗುಣಗಳು ಹೃದಯಾಶ್ರಿತವಾದ ಓಜಸ್ಸಿನ ಹತ್ತು ಗುಣಗಳಿಗೆ ನೇರ ವಿರುದ್ಧವೆಂದು ಚರಕಾಚಾರ್ಯರು ಮದಾತ್ಯಯ ಚಿಕಿತ್ಸೆಯಲ್ಲಿ ಹೇಳಿದ್ದಾರೆ. ಅವುಗಳಲ್ಲಿ ರೂಕ್ಷತೆಯೂ ಒಂದು. ವಿಮಾನದೊಳಗಿನ ಗಾಳಿಯೋ ಮೊದಲೇ ಶುಷ್ಕ. ಒತ್ತಡವು 8,000 ಅಡಿಯವರೆಗಿನ ಎತ್ತರಕ್ಕೆ ಸಮ. ನಮ್ಮ ಸುಬ್ರಹ್ಮಣ್ಯದ ಕುಮಾರ ಪರ್ವತವೂ ಅಷ್ಟು ಎತ್ತರವಿಲ್ಲ! ಪ್ರಾಣವಾಯು ವಿರಳವಾದಲ್ಲಿ, ನಿದ್ದೆಗೆಟ್ಟು ಕುಳಿತವನಿಗೆ ಮದ್ಯ ನೀಡುವುದನ್ನು ಉಪಚಾರವೆನ್ನಲು ವೈದ್ಯರಾದ ನಮ್ಮ ಮನಸ್ಸು ಒಪ್ಪದು.

ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಬಡಿಸುವಂತಿಲ್ಲ. ಅದರಿಂದ ಯಾರ ಪ್ರಯಾಣವೂ ನಿಂತಿಲ್ಲ. ಹೊರದೇಶದ ಯಾನಕ್ಕೂ ಅದೇ ನಿಯಮ ಬರಲಿ. ಮಗಳ ಬಾಣಂತನಕ್ಕೆಂದು ಪುತ್ತೂರು, ಸುಳ್ಯ, ಕಡಬದಿಂದ ಒಂಟಿಯಾಗಿ ಹೊರಡುವ ತಾಯಂದಿರಿದ್ದಾರೆ. ಪಕ್ಕದವನು ತೂರಾಡತೊಡಗಿದರೆ ಸಂಕೋಚಪಡದೆ ಬೇರೆ ಆಸನ ಕೇಳಬೇಕೆಂದೂ, ರಾಜಿಗೆ ಒಪ್ಪದೆ ಲಿಖಿತ ದೂರು ಕೊಡಬೇಕೆಂದೂ ಹೊರಡುವ ಮುನ್ನವೇ ಅವರಿಗೆ ತಿಳಿಸಿ ಹೇಳಿರಿ.