ಪದ್ಮಿನಿಗೆ ಐವತ್ತು ತುಂಬುವ ಮುನ್ನ

2023ರ ಅಕ್ಟೋಬರ್ 30ರಂದು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಗಳಿಂದ ನಿರ್ಗಮಿಸಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ನಗರದ ಟ್ಯಾಕ್ಸಿಗಳಿಗೆ ವಿಧಿಸಲಾದ 20 ವರ್ಷಗಳ ವಯೋಮಿತಿ ಅಲ್ಲಿಗೆ ಮುಗಿದಿತ್ತು. ವಿದಾಯದ ಲೇಖನಗಳು ಧಾರಾಳವಾಗಿ ಬಂದವು. ಆದರೆ ಖಾಸಗಿ ಒಡೆತನದಲ್ಲಿ ಉಳಿದುಕೊಂಡಿರುವ ಪದ್ಮಿನಿಗಳ ಗತಿಯೇನು ಎಂದು ಕೇಳಿದವರು ವಿರಳ.

ಕೇಂದ್ರ ಸರಕಾರವು 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮವನ್ನು ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲ ಸ್ವರೂಪವನ್ನು ಉಳಿಸಿಕೊಂಡ ಖಾಸಗಿ ವಾಹನಕ್ಕೆ ‘ವಿಎ’ ಅಕ್ಷರಗಳ ಸಂಖ್ಯಾಫಲಕ ದೊರೆಯುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಮಾತ್ರ ಅವಕಾಶವಿಲ್ಲ. ನಿಯಮ ಸ್ವಾಗತಾರ್ಹವೇ. ಆದರೆ ಪದ್ಮಿನಿ ಎಂಬ ಹೆಸರು ಬಂದದ್ದೇ 1970ರ ದಶಕದಲ್ಲಿ. 1985ರಲ್ಲಿ ನೋಂದಣಿಯಾದ ಗಾಡಿಯು ಈ ಗೌರವಕ್ಕಾಗಿ 2035ರ ತನಕ ಕಾಯಬೇಕು. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಅದು ಬರೀ ಹಳೆಯ ಕಾರು. 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ.

ಜೀರ್ಣೋದ್ಧಾರಕ್ಕೆ ಕೈಹಾಕಿದವರ ನಿಜವಾದ ಸಂಕಟ ಇನ್ನೊಂದು. ಪದ್ಮಿನಿಗೆ ಪ್ರತ್ಯೇಕ ಚಾಸಿಯಿಲ್ಲ, ಅದರ ದೇಹವೇ ಚೌಕಟ್ಟು. ಮುಂಬಯಿಯ ಮಳೆಗೆ ಮೊದಲು ತುಕ್ಕು ತಿನ್ನುವುದು ಕಾಲಡಿಯ ತಗಡನ್ನು. ಅದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆದರೆ ಅದು ದುರಸ್ತಿಯೇ, ಮಾರ್ಪಾಡೇ? ದೇಹ, ಚಾಸಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಕೂಡದೆನ್ನುವ ನಿಯಮವು ಇಲ್ಲಿ ಅಸ್ಪಷ್ಟ. ಎಂಜಿನ್ ಕೂಡ ಸೀಸಯುಕ್ತ ಪೆಟ್ರೋಲಿನ ಕಾಲದ್ದು. ಆ ಪೆಟ್ರೋಲು 2000ದಲ್ಲಿಯೇ ನಿಂತುಹೋದುದರಿಂದ ಗಟ್ಟಿ ಲೋಹದ ವಾಲ್ವ್ ಸೀಟು ಕೂರಿಸುವುದು ಲೇಸು. ಈಗ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು ಬಂದಿದ್ದು, ಹಳೆಯ ರಬ್ಬರ್ ಪೈಪುಗಳನ್ನೂ ಕಾರ್ಬುರೇಟರಿನ ವಾಷರುಗಳನ್ನೂ ಅದು ಹಾಳುಗೆಡಹುತ್ತದೆ. ಹೀಗೆ ಗಾಡಿ ಬದುಕಬೇಕಾದರೆ ಬದಲಾಗಬೇಕು, ಮಾನ್ಯತೆ ಪಡೆಯಬೇಕಾದರೆ ಬದಲಾಗಕೂಡದು!

ಇಷ್ಟಾಗಿಯೂ ಜನರು ಈ ಕೆಲಸಕ್ಕೆ ಇಳಿಯುತ್ತಾರೆ. 1089 ಸಿಸಿಯ ಆ ಸರಳ ಎಂಜಿನ್ನಿನಲ್ಲಿ ಕಣ್ಣಿಗೆ ಕಾಣದ ಗುಟ್ಟೇನೂ ಇಲ್ಲ. ಬಾನೆಟ್ ಎತ್ತಿದರೆ ಒಡೆಯನಿಗೇ ಎಲ್ಲವೂ ಅರ್ಥವಾಗುತ್ತದೆ. ಚೋರ್ ಬಜಾರಿನಲ್ಲಿ ಹುಡುಕಾಡಿ ತಂದ ಒಂದು ಮೂಲ ಬಿಡಿಭಾಗ ಕೊಡುವ ಸಂತೋಷವನ್ನು ಹಣದಲ್ಲಿ ಅಳೆಯಲಾಗದು. ಹಣದಲ್ಲಿ ಅಳೆದರೆ ನಷ್ಟವೇ ಹೆಚ್ಚು, ಆ ಮಾತು ಬೇರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿದ ವಾಚಕರಿಗೆ ಈ ಮಮತೆ ಅಪರಿಚಿತವಲ್ಲ. ಆದರೆ ಸಂಗ್ರಹಾಲಯದ ಬಲ ಸಾಮಾನ್ಯ ಕುಟುಂಬಕ್ಕಿರುವುದಿಲ್ಲ.

ಜರ್ಮನಿಯಲ್ಲಿ 30 ವರ್ಷ ದಾಟಿ ಸುಸ್ಥಿತಿಯಲ್ಲಿರುವ ಕಾರಿಗೆ ಐತಿಹಾಸಿಕ ವಾಹನದ ಫಲಕ ದೊರೆಯುತ್ತದೆ. ನಮ್ಮಲ್ಲಿಯೂ ಅಂತಹ ಮಧ್ಯಂತರ ವರ್ಗವೊಂದನ್ನು ರಚಿಸಿ, ತುಕ್ಕಿನ ದುರಸ್ತಿ ಮತ್ತು ಇಂಧನಕ್ಕಾಗಿ ಮಾಡುವ ಬದಲಾವಣೆಗಳನ್ನು ಸ್ಪಷ್ಟವಾಗಿ ಅನುಮತಿಸಿದರೆ ಕುರ್ಲಾದ ಕಾರ್ಖಾನೆಯಿಂದ 1990ರ ದಶಕದ ಆರಂಭದವರೆಗೆ ಹೊರಬಂದ ಪದ್ಮಿನಿಗಳೆಲ್ಲ ಇಂದೇ ಅದರ ವ್ಯಾಪ್ತಿಗೆ ಬರುತ್ತವೆ. ಈಗಿನ ನಿಯಮದಂತೆ 2000ದಲ್ಲಿ ನೋಂದಣಿಯಾದ ಪದ್ಮಿನಿಯ ಸರದಿ 2050ಕ್ಕೆ. ಅದರ ತಗಡಿನ ಕೆಲಸ ಬಲ್ಲ ಟಿಂಕರುಗಳಲ್ಲಿ ಹಲವರು ಈಗಲೇ ವೃದ್ಧರು.